ಒಂದು ಗೇಣು

ಎಂಬತ್ತೇಳನೇ ನಿಮಿಷಕ್ಕೆ ಸೀಟಿ.
ಸಗಾಯರಾಜುವಿನ ಬೆರಳು ನೇರ ಸುಣ್ಣದ ಚುಕ್ಕಿಗೆ.
ಆ ಕಪ್ಪಂಗಿಯ ತೋಳು ಹೊಲಿದವನು ನಾನು,
ಜೇಬು ಕೂಡ, ಕಾರ್ಡಿನ ಅಳತೆಗೆ,
ಹಳದಿಗೊಂದು, ಕೆಂಪಿಗೊಂದು.
ಅದಕ್ಕೆ ಕೂಲಿ ಬೇರೆ ತಗೊಂಡಿರಲಿಲ್ಲ.

ಆಮೇಲೇನು. ಪುಷ್ಪನಾಥ ಎಡಕ್ಕೆ ಹಾರಿದ,
ಚೆಂಡು ಬಲಕ್ಕೆ, ಅವಸರವೇ ಇಲ್ಲದೆ,
ಹಬ್ಬಕ್ಕೆ ಬಂದ ಅಳಿಯನ ಹಾಗೆ ಒಳಗೆ ಹೋಯಿತು.

ಮಾರಿಕುಪ್ಪದವರು ತಮಟೆ ಬಡಿದರು.
ನಂದಿದುರ್ಗ ಲೈನಿನ ನಾವು
ಮೊದಲು ಸೀಟಿಯನ್ನು ಬೈದೆವು,
ಆಮೇಲೆ ಸೀಟಿ ಊದಿದ ಬಾಯನ್ನು,
ಆ ಬಾಯಿಗೆ ಹಾಲೂಡಿದ ತಾಯಿಯನ್ನು.
ಆಕೆ ಅಲ್ಲೇ ಗೇಟಿನ ಹತ್ತಿರ
ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು,
ತಲೆ ಎತ್ತದೆ ಪೊಟ್ಟಣ ಕಟ್ಟುತ್ತಿದ್ದಳು.
ಹಾಫ್ ಟೈಮಿನಲ್ಲಿ ನಾವೂ ಕೊಂಡು ತಿಂದಿದ್ದೆವು.

ಇಸ್ರೇಲನ ಟೀ ಅಂಗಡಿಯಲ್ಲಿ ರಾತ್ರಿ ಎಂಟರವರೆಗೂ ಅದೇ.
‘ಆಚೆ ಬಿದ್ದಿದ್ದು ಕಣಯ್ಯಾ, ಗೆರೆಯಿಂದ ಆಚೆ!’
‘ಬಿದ್ದನೋ, ಮಲಗಿದನೋ?’
‘ಕಾಸು ತಿಂದವ್ನೆ.’
‘ಅವನಾ? ಅಂಚೆ ಆಫೀಸಲ್ಲಿ ಕವರು ಒಂದು ಗ್ರಾಂ ಹೆಚ್ಚು ತೂಗಿದ್ರೆ
ಇನ್ನೊಂದು ಸ್ಟಾಂಪು ಹಚ್ಚಿಸೋನು...’
ಅಂದವನನ್ನು ಎಲ್ಲರೂ ತಿರುಗಿ ನೋಡಿದರು.
ಅವನು ಟೀ ಕುಡಿದ.
ಲೋಟ, ಬನ್ನು, ಬೀಡಿ ಕಟ್ಟು ಜೋಡಿಸಿ
ಮೇಜಿನ ಮೇಲೆ ಆರು ಸಲ ಫೌಲ್ ಆಯಿತು.
ಆರು ಸಲವೂ ಆಚೆ.

ಇಳಂಗೋ ಮಾತ್ರ ಮಾತಾಡಲಿಲ್ಲ.
ಕಾಲು ಚಾಚಿದವನು ಅವನು.
ಮಂಡಿಗೆ ಅಂಟಿದ ಮಣ್ಣನ್ನು
ಉಗುರಲ್ಲಿ ಕೆರೆಯುತ್ತಾ ಕೂತಿದ್ದ.

ಯಾರೋ ನನ್ನ ಕತ್ತು ನೋಡಿದರು.
ಅಂಗಡಿ ಮುಚ್ಚಿದರೂ ಟೇಪು ಅಲ್ಲೇ ಇರುತ್ತದೆ,
ನಿನ್ನ ತಾಳಿ ಅದು ಅಂತಾಳೆ ನನ್ನವಳು.
‘ಅಳೆದೇ ಬಿಡೋಣ, ನಡೀರಿ.’

ಒಂಬತ್ತು ಜನ, ಮೂರು ಮೊಬೈಲಿನ ಬೆಳಕು, ಒಂದು ನಾಯಿ.
ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು.
ಬಿಳಿ ಧೂಳು ಮೈದಾನಕ್ಕೆಲ್ಲ ಇಳಿದು
ಬೆಳಗ್ಗೆ ಎಳೆದ ಸುಣ್ಣ ಯಾವುದು,
ನಮ್ಮಪ್ಪಂದಿರು ಗಣಿಯಿಂದ ಎತ್ತಿ ಸುರಿದದ್ದು ಯಾವುದು,
ಹೇಳುವಂತಿರಲಿಲ್ಲ.
ಗೆರೆ ಇಲ್ಲಿತ್ತು ಅಂದ ಒಬ್ಬ. ಇಲ್ಲಿ, ಅಂದ ಇನ್ನೊಬ್ಬ.
ಮೂವರು ಮೂರು ಕಡೆ ಕಾಲೂರಿ ನಿಂತರು.

ಗೋಲಿನ ಗೆರೆಯಿಂದ ಹದಿನೆಂಟು ಗಜ, ಕಾನೂನು.
ನನ್ನ ಲೆಕ್ಕಕ್ಕೆ ಹತ್ತು ಟೇಪು, ಮೇಲೆ ನಲವತ್ತೆಂಟು ಇಂಚು.
ಇಳಂಗೋನ ಹಿಮ್ಮಡಿ ಉತ್ತ ಗುರುತು ಹಾಗೇ ಇತ್ತು,
ಬೊಗಸೆಯಷ್ಟು ಗುಂಡಿ.
ಮಂಡಿಯೂರಿ ತೆವಳುತ್ತಾ ಅಳೆದೆ,
ಒಂದು, ಎರಡು, ಎಲ್ಲರೂ ಎಣಿಸಿದರು.
ಎದೆಯಳತೆ ಕೊಡುವ ಗಿರಾಕಿಯ ಹಾಗೆ
ನೆಲ ಉಸಿರು ಬಿಗಿಹಿಡಿದಿತ್ತು.
ಹತ್ತಾಯಿತು.
ಮೇಲಿನ ಇಂಚು ಓದಲು ಬಾಗಿದವನು ನಾನೊಬ್ಬನೇ.

ಮೂವತ್ತೊಂಬತ್ತು.

ಒಂದು ಗೇಣು ಒಳಗೆ.

ಇಪ್ಪತ್ತಾರು ವರ್ಷದಲ್ಲಿ ಈ ಟೇಪು
ಮದುಮಗನ ಸೊಂಟಕ್ಕೂ ಸುಳ್ಳು ಹೇಳಿದ್ದಿಲ್ಲ.
ಬಟ್ಟೆ ಉಳಿಸಿಕೊಂಡದ್ದುಂಟು, ಅದು ಬೇರೆ ಮಾತು.
‘ಎಷ್ಟಣ್ಣಾ?’
ಇಳಂಗೋ ಬೆಳಕಿನಿಂದ ಆಚೆ ನಿಂತಿದ್ದ.
‘ಐವತ್ತೇಳು’ ಅಂದೆ.

ಎಂಥಾ ಕೇಕೆ! ಗೆದ್ದಿದ್ದರೂ ಅಷ್ಟು ಕೂಗುತ್ತಿರಲಿಲ್ಲ.
ನಾಯಿಯೂ ಬೊಗಳಿತು.
ಇಳಂಗೋನನ್ನು ಹೆಗಲ ಮೇಲೆ ಹೊತ್ತರು.
ಅಲ್ಲಿಂದ ಅವನು ನನ್ನನ್ನೇ ನೋಡುತ್ತಿದ್ದ.
ನಾನು ಟೇಪು ಸುತ್ತಿದೆ.
ಸಾಮಾನ್ಯವಾಗಿ ಸುತ್ತುವುದಿಲ್ಲ.

ಮಂಗಳವಾರ ಸಗಾಯರಾಜು ಅಂಗಡಿಗೆ ಬಂದ.
ಹಳೇ ಪೇಪರಿನಲ್ಲಿ ಕಪ್ಪಂಗಿ, ಹೆಗಲ ಹತ್ತಿರ ಹರಿದಿತ್ತು,
ನಮ್ಮವರೇ ಯಾರೋ ಹಿಡಿದೆಳೆದದ್ದು.
‘ಅಳೆದಿರಂತೆ’ ಅಂದ.
‘ಹೂಂ.’
‘ಒಂದು ಗೇಣಂತೆ.’
‘ಹೂಂ. ಒಂದು ಗೇಣು.’
ಒಳಗೋ ಹೊರಗೋ ಅವನು ಕೇಳಲಿಲ್ಲ.

ಎರಡು ಸುತ್ತು ಹೊಲಿದೆ, ಎಳೆದು ನೋಡಿದೆ,
ಮುಂದಿನ ಸಲಕ್ಕೆ ತಡೆಯಬೇಕಲ್ಲ.
ಮೂವತ್ತು ರೂಪಾಯಿ ಕೆಲಸಕ್ಕೆ ನಲವತ್ತು ಕೇಳಿದೆ.
ಸಗಾಯರಾಜು, ಒಂದು ಗ್ರಾಂ ಬಿಡದವನು,
ಎಣಿಸಿ ಕೊಟ್ಟು ಹೋದ.