ಕೂರುವುದೆಲ್ಲಿ

ಮೊದಲ ನಕ್ಷೆಯಲ್ಲಿ ಕಂಬವಿತ್ತು, ಎರಡನೆಯದರಲ್ಲಿ ಜ್ವಾಲೆ.
ಮೂರನೆಯದನ್ನು ನಾನೇ ಹರಿದೆ.
ಫೋರ್ಟಿನ ಗಲ್ಲಿಯೊಂದರ ಮೂರನೇ ಮಹಡಿಯಲ್ಲಿ
ಅರ್ಶಲೂಯ್ಸ್ ಬಾಯಿ, ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದರು:
ಇದರಲ್ಲಿ ಕೂರುವುದೆಲ್ಲಿ?

ಅವರಜ್ಜಿ ಆರ್ಮೇನಿಯನ್.
ಊರಿಗೂರನ್ನೇ ಮರಳುಗಾಡಿಗೆ ನಡೆಸಿದ್ದರು,
ಹಿಂದೆ ಕುದುರೆಯ ಮೇಲಿನವರು.
ಕೂತವರು ಮತ್ತೆ ಏಳಲಿಲ್ಲ.
ಬಸ್ರಾದಿಂದ ಹಡಗು ಹತ್ತಿ ಈ ಬಂದರಿಗಿಳಿದ ಹುಡುಗಿ
ಸಾಯುವತನಕ
ಕುರ್ಚಿಯ ಅಂಚಿನಲ್ಲೇ ಕೂತಳಂತೆ.

ಹಾಗಾಗಿ ಒಂದು ಕಟ್ಟೆ. ಇಷ್ಟೇ.
ಮೊಳಕಾಲೆತ್ತರದ ಕಲ್ಲು, ಮೇಲೆ ಹೆಸರುಗಳು,
ಗೊತ್ತಿದ್ದಷ್ಟು.
ಇಳಕಲ್ಲಿನ ಸಂಗನಬಸಪ್ಪ ತಾನು ಓದಲಾರದ ಲಿಪಿಯನ್ನು
ಬೆರಳಲ್ಲಿ ತಡವುತ್ತ ಕೇಳಿದ:
ಈ ಬಿಟ್ಟ ಜಾಗಾ ಯಾರದ್ರೀ ಅಕ್ಕಾರ?
ಹೆಸರಿಡುವ ಮೊದಲೇ ಹೋದವರದು, ಅಂದೆ.
ಅಷ್ಟು ಭಾಗವನ್ನು ಅವನು
ಎರಡು ದಿನ ಹೆಚ್ಚಿಗೆ ಉಜ್ಜಿದ.
ಕೂಲಿ ಕೇಳಲಿಲ್ಲ.

ವಾರ್ಡ್ ಆಫೀಸಿನ ಸಾಹೇಬರಿಗೆ ಒಂದೇ ಚಿಂತೆ:
ನಡುನಡುವೆ ಕಬ್ಬಿಣದ ಸರಳು ಕೂಡಿಸಿ ಮೇಡಂ,
ಇಲ್ಲದಿದ್ದರೆ ಕಂಡಕಂಡವರು ಮಲಗುತ್ತಾರೆ.
ಬಾಯಿ ಮರಾಠಿಯಲ್ಲಿ ಅಂದರು: ಝೋಪೂ ದ್ಯಾ.
ಮಲಗಲಿ.
ಕಡತದಲ್ಲಿ ಅದು ಆಕ್ಷೇಪಣೆ ಎಂದು ದಾಖಲಾಯಿತು.

ಸರಳು ಇನ್ನೂ ಬಂದಿಲ್ಲ. ಬರಬಹುದು.
ನಿನ್ನೆ ಮಧ್ಯಾಹ್ನ ಹೋಗಿದ್ದೆ.
ಕೈಗಾಡಿ ಎಳೆಯುವವನೊಬ್ಬ ಮಗ್ಗುಲಾಗಿ ಮಲಗಿದ್ದ,
ಚಪ್ಪಲಿ ತಲೆಯಡಿಗೆ.
ಯಾರೋ ಕೂಗಿದರು, ಎದ್ದ.
ಗಾಡಿಯತ್ತ ಓಡುವಾಗ
ಅವನ ಬೆವೆತ ತೋಳಿನ ಮೇಲೆ
ತಿರುವುಮುರುವಾಗಿ ಒಂದು ಹೆಸರು,
ಅರ್ಧ.