ಪ್ರಯೋಗ ಏಳು

ಚೀಲ ಎತ್ತುವುದು, ಒಟ್ಟುವುದು:
ರೆಕಾರ್ಡ್ ಪುಸ್ತಕದಲ್ಲಿ ಹೀಗಿದೆ.
ಗಂಜಿನಲ್ಲಿ ಇದಕ್ಕೆ ಥಪ್ಪಿ ಹಚ್ಚೋದು ಅಂತಾರೆ,
ಪ್ರಯೋಗ ಅಂತ ಯಾರೂ ಅನ್ನುವುದಿಲ್ಲ.

ರಾಯಚೂರಿನ ಮೇ ತಿಂಗಳು.
ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಏಸಿ ಇರುವುದು ಎರಡೇ ಕಡೆ,
ಪ್ರಿನ್ಸಿಪಾಲರ ಕೋಣೆ,
ಮತ್ತೆ ಈ ಕಿತ್ತಳೆ ಬಣ್ಣದ ತೋಳಿನ ಕೋಣೆ.
ಆರು ಕೀಲು ಅದಕ್ಕೆ. ಬೆವರಿಲ್ಲ.
ನಾವೇ ಪಾಠಕ್ಕಿಂತ ಅರ್ಧ ತಾಸು ಮೊದಲು ಬಂದು
ಅದರ ತಂಪಿನಲ್ಲಿ ಪಾಲು ಕೇಳುತ್ತೇವೆ.

ಪೆಂಡೆಂಟ್ ಕೈಗಿಟ್ಟ ದಿನ ಶಫೀವುಲ್ಲಾ ಸರ್
ಅದರ ಬೆನ್ನಿನ ಗುಂಡಿ ಮುಟ್ಟಿಸಿ ಹೇಳಿದ್ದರು:
"ಬಿಟ್ಟರೂ ನಿಲ್ಲತದ, ಬಿಗಿ ಹಿಡಿದರೂ ನಿಲ್ಲತದ.
ಹೆದರಿದವರು ಎರಡರಾಗ ಒಂದು ಮಾಡ್ತಾರ.
ನಡು ಒತ್ತು ಕಲಿ."
ನಾಲ್ಕು ದಿನ ನನ್ನ ಕೈ ನಡುಗಿತು, ಅದರ ಕೈ ನಿಂತಿತು.
ಐದನೇ ದಿನ ಅವ್ವ ಮೊರ ಹಿಡಿಯುವ ಹಾಗೆ ಹಿಡಿದೆ.
ನಡೆಯಿತು.

ಬಾ, ಇಲ್ಲಿ ನಿಧಾನ, ಇಲ್ಲಿ ಇಳಿ, ಬಿಡು.
ಒಂದೊಂದು ಬಿಂದುವನ್ನೂ ಕೈ ಹಿಡಿದು ತೋರಿಸಿದೆ.
ನಾಲ್ಕನೇ ಸಾಲಿಗೆ ಥಪ್ಪಿ ವಾಲಿ ಬಿತ್ತು.
"ಎರಡನೇ ಸಾಲು ಅಡ್ಡ ತಿರುವಬೇಕು, ಮಬ್ಬೇ"
ಅಂದವನು ರಾಮಾಂಜಿ, ಹಮಾಲರ ಮಗ.
ಪುಸ್ತಕದಲ್ಲೂ ಅದೇ ಇತ್ತು,
ಮುಂದಿನ ಪುಟದಲ್ಲಿ.

ಅವ್ವ ಬಂದದ್ದು ಸ್ಕಾಲರ್‌ಶಿಪ್ ಫಾರಮ್ಮಿಗೆ ಹೆಬ್ಬೆಟ್ಟು ಒತ್ತಲು.
ಗಂಜಿನಿಂದ ನೇರ, ಕಂಕುಳಲ್ಲಿ ಬಾರಿಗೆ.
ಶೂ ಇಲ್ಲದೆ ಒಳಗೆ ಬರಬಾರದೆಂದು ಬಾಗಿಲಿಗೆ ಬರೆದಿದೆ;
ಓದಲು ಬಾರದವಳು ಚಪ್ಪಲಿಯನ್ನೂ ಬಿಟ್ಟು ಬಂದಳು.
ಸರ್ ನೋಡಿದರು, ಏನೂ ಅನ್ನಲಿಲ್ಲ.

ಐದು ಚೀಲ ಸುಮ್ಮನೆ ನೋಡಿದಳು.
"ಕಾಳು ಚೆಲ್ಲಂಗಿಲ್ಲೇನ ಇದು?"
"ಒಂದು ಕಾಳೂ ಇಲ್ಲವ್ವ." ನನ್ನ ದನಿಯಲ್ಲಿ ಎಷ್ಟು ಹೆಮ್ಮೆ!
ಅವಳು ಆಮೇಲೆ ಮಾತಾಡಲಿಲ್ಲ.

ಎಂಟನೇ ಚೀಲಕ್ಕೆ ನನಗೆ ತಿಳಿಯಿತು.
ಹಮಾಲರ ಕೊಕ್ಕೆ, ಚೀಲದ ತೂತು, ಉದುರಿದ ಭತ್ತ,
ಬಳಿದು ಕೇರಿದರೆ ಸಂಜೆಗೆ ಎರಡು ಸೇರು.
ಆ ತೂತುಗಳಲ್ಲೇ
ನಾನು ಮೂರು ಸೆಮಿಸ್ಟರ್ ಓದಿದ್ದೇನೆ.
ಕಾಲಲ್ಲಿರುವ ಈ ಶೂ ಕೂಡ ಚೆಲ್ಲಿದ್ದೇ.

ಒಂಬತ್ತನೆಯದರ ಹೊಲಿಗೆ ಹಳೆಯದು, ಬಿಚ್ಚಿತು.
ನಮ್ಮ ಚೀಲಗಳಲ್ಲಿ ಇರುವುದು ಬರೀ ಹೊಟ್ಟು.
ಯಾರೂ ಬಾಯಿ ತೆರೆಯುವ ಮೊದಲೇ
ಅವ್ವ ಹಳದಿ ಗೆರೆ ದಾಟಿ ಬಗ್ಗಿದ್ದಳು.
ಕಾಣದ ಬೆಳಕಿನ ಪರದೆ ಹರಿಯಿತು,
ಕೆಂಪು ದೀಪ, ಬಜರ್,
ಹತ್ತನೇ ಚೀಲ ಹಿಡಿದ ತೋಳು ಗಾಳಿಯಲ್ಲೇ ನಿಂತಿತು.
ಹುಡುಗರು ಕೂಗಿದರು. ಸರ್ ಕೈ ಎತ್ತಿದರು:
ಇರಲಿ, ಬಳೀಲಿ.

ಬಳಿದಳು, ಮೂಲೆ ಮೂಲೆ, ಅವಸರವಿಲ್ಲದೆ.
ಗಂಜಿನಲ್ಲಿ ಅವಳು ಬಳಿಯುವುದು ಕಾಲುಗಳ ನಡುವೆ,
ಲಾರಿಯ ಹಾರನ್ನು, ತಾಯಿ ತಂಗಿ ಎತ್ತಿದ ಬೈಗುಳದ ನಡುವೆ.
ಅವಳಿಗಾಗಿ ಒಂದು ಚೀಲ
ಮೇಲೆಯೇ ಕಾದದ್ದು ನಾನು ಕಂಡಿರಲಿಲ್ಲ.

ರೆಕಾರ್ಡಿನಲ್ಲಿ ಒಂದು ಕಲಂ ಇದೆ: ಯಂತ್ರ ನಿಂತ ಕಾರಣ.
ಮಾದರಿಯಲ್ಲಿ ಇದ್ದಂತೆ ಬರೆದೆ, ಅಡಚಣೆ.
ಸರ್ ಸಹಿ ಹಾಕಿದರು. ಹತ್ತಕ್ಕೆ ಒಂಬತ್ತು.
ಆ ಪುಟ ನಾನು ಮತ್ತೆ ತೆರೆದಿಲ್ಲ.

ಬಸ್ ಸ್ಟಾಪಿನಲ್ಲಿ ಅವ್ವ ಕೇಳಿದಳು:
"ಯಾಕ ನಿಂತ್ತವಾ ಅದು?"
"ನಿನ್ನ ನೋಡಿ."
"ಕಣ್ಣದಾವೇನ ಅದಕ್ಕ?"
ನಕ್ಕಳು, ಆಧಾರ್ ಕಾರ್ಡು ಹುಡುಕುತ್ತಾ ಸೆರಗು ಸರಿಸಿದಳು.
ತುದಿಯ ಗಂಟಿನಲ್ಲಿ, ಒಲೆಗೆಂದು,
ಲ್ಯಾಬಿನ ಹೊಟ್ಟು.