ಸುಣ್ಣದ ಗೆರೆ

ಮುನ್ಸಿಪಾಲ್ಟಿ ಶಾಲೆಯ ಮೈದಾನದಲ್ಲಿ
ರವಿವಾರ ಬೆಳಿಗ್ಗೆ ನಮ್ಮ ಮನೆ ಬರೆದರು.
ಸುಣ್ಣದ ಪುಡಿ, ನಾಲ್ಕು ಗೂಟ, ಒಂದು ಟೇಪು.
ಸಂಸ್ಥೆಯ ಮೃಣ್ಮಯಿಗೆ ಇಪ್ಪತ್ತಾರು ತುಂಬಿಲ್ಲ,
ಮರಾಠಿಯಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ,
ನಮ್ಮ ಬಾಯಿಗೆ ಬಂದು ಅವಳು ತಾಯಿಯೇ ಆಗಿಬಿಟ್ಟಳು.
ಗೆರೆಯೊಳಗೆ ನಿಂತು ಕೇಳಿದಳು:
ಬಾಗಿಲು ಯಾವ ಕಡೆ ಇರಲಿ?

ಯಾರೂ ಮಾತಾಡಲಿಲ್ಲ.
ಈ ಪುಣೆಯ ಎಷ್ಟು ಬಾಗಿಲಿಗೆ
ಚೌಕಟ್ಟು ಎತ್ತಿಕೊಟ್ಟಿದ್ದೇವೋ ಲೆಕ್ಕವಿಲ್ಲ.
ಕೋಥ್ರೂಡು, ಬಾಣೇರು, ಖರಾಡಿಯ ಹದಿನೇಳನೆಯ ಮಾಳಿಗೆ,
ಬುಟ್ಟಿ ಇಳಿಸಿ, ಇನ್ಯಾರದೋ ಅಡುಗೆಮನೆಯಲ್ಲಿ
ಬುತ್ತಿ ಬಿಚ್ಚಿ ಉಂಡಿದ್ದೇವೆ.
ಬಾಗಿಲು ಎಲ್ಲಿರಬೇಕೆಂದು
ಯಾವ ಮೇಸ್ತ್ರಿಯೂ ಕೇಳಿರಲಿಲ್ಲ.

ಕಡೆಗೆ ಯಂಕವ್ವ ಎದ್ದಳು,
ಸಿಂದಗಿ ಕಡೆಯವಳು, ಕಲ್ಲು ಒಡೆದ ಕೈ.
ಚಪ್ಪಲಿ ಗೆರೆಯಾಚೆ ಬಿಟ್ಟು ಒಳಗೆ ಕಾಲಿಟ್ಟಳು.
ಗೋಡೆಯಿಲ್ಲ, ಸೂರಿಲ್ಲ,
ಆದರೂ ತಲೆ ಬಗ್ಗಿಸಿದಳು.
ಬಿಸಿಲಲ್ಲೇ ಅಂಗಾತ ಮಲಗಿ ಕಾಲು ಚಾಚಿದಳು.
ಹಿಮ್ಮಡಿ ಸುಣ್ಣಕ್ಕೆ ತಾಗಲಿಲ್ಲ.
"ಹೂಂ, ಸಾಲ್ತೈತಿ.
ಗಂಡ ಮಗ್ಗಲಾಗಿ ಮಲಗಬೇಕು, ಅಷ್ಟ."

ಆಮೇಲೆ ಯಾರಿಗೂ ಬಾಯಿ ನಿಲ್ಲಲಿಲ್ಲ.
ಇಮಾಂಬಿಗೆ ಹೊಲಿಗೆ ಯಂತ್ರ ಕಿಟಕಿಗೇ ಬೇಕು.
ಸುಮನ್ ಕಾಂಬಳೆಗೆ ಒಲೆಯ ಎದುರು ಕಕ್ಕಸಿನ ಕದ ಬೇಡ.
ಮನೆಯೊಳಗೆ ಕಕ್ಕಸೇ ಬೇಡ ಎಂದವಳು ಲಗಮವ್ವ:
ಡಬ್ಬಿ ಹಿಡಿದು ಸಾಲಲ್ಲಿ ನಿಂತೇ ತಾನೆ
ನಮ್ಮ ಕಷ್ಟಸುಖ ಆಗುವುದು,
ಒಬ್ಬೊಬ್ಬರೇ ಕದ ಹಾಕಿಕೊಂಡರೆ
ಮಾತಿಗೆ ಯಾರು ಸಿಗಬೇಕು?
ಅವಳ ಸೊಸೆ ನೆಲ ನೋಡುತ್ತ ನಿಂತಿದ್ದಳು.
ರಾತ್ರಿ ಹೊಟ್ಟೆ ಹಿಡಿದುಕೊಂಡು ಬೆಳಗು ಕಾದವಳು,
ಅತ್ತೆಗೆ ತಿರುಗಿ ಮಾತಾಡಿದ್ದು ಅವತ್ತೇ ಮೊದಲು.

ಸಂಘದ ಹಣ ನನ್ನ ಕೈಯಲ್ಲಿ.
ದಿನಕ್ಕೆ ಹತ್ತು ರೂಪಾಯಿ,
ದೀಪ ಹಚ್ಚುವ ಹೊತ್ತಿಗೆ ಚೀಲ ಹಿಡಿದು ಹೊರಟರೆ
ನಾಯಿಗಳೂ ನನಗೆ ಬೊಗಳುವುದಿಲ್ಲ.
ಹತ್ತಿಲ್ಲದವರು ಐದು ಕೊಟ್ಟರು,
ಐದೂ ಇಲ್ಲದ ದಿನ ಒಬ್ಬಳು
ಹಿಡಿ ಚಹಾಪುಡಿ ತಂದಳು, ಅದನ್ನೂ ಬರೆದುಕೊಂಡೆ.
ಬ್ಯಾಂಕಿನವನು ಕೇಳಿದ: ಇದ್ಯಾವ ನಗದು?
ಸಂಸ್ಥೆಯವರು ನಕ್ಕು ತಮ್ಮ ಕಿಸೆಯಿಂದ ಕಟ್ಟಿದರು.

ಗುಡಿಸಲು ನಲವತ್ತೆರಡು.
ಡಾಂಬರಿನಲ್ಲಿ ಬ್ರಶ್ಶು ಅದ್ದಿ
ತಗಡಿನ ಮೇಲೆ ನಂಬರು ಬರೆದವಳು ನಾನೇ.
ಕಚೇರಿಯ ಯಾದಿಯಲ್ಲಿ ನಲವತ್ತೊಂದು.
ಇಪ್ಪತ್ತಾರಾದ ಮೇಲೆ ಇಪ್ಪತ್ತೆಂಟು.

ದುರುಗವ್ವನ ಪುರಾವೆ
ನಾಲಾ ಉಕ್ಕಿದ ವರ್ಷ ಟ್ರಂಕಿನ ಸಮೇತ ಹೋಯಿತು.
ರೇಶನ್ ಕಾರ್ಡು, ಗಂಡನ ಸಾವಿನ ಚೀಟಿ,
ಮಗಳ ಶಾಲೆಯ ದಾಖಲೆ.
ಮೃಣ್ಮಯಿ ಮೂರು ಅರ್ಜಿ ಹಾಕಿದಳು.
ಮೂರಕ್ಕೂ ಮೂರು ಮಳೆಗಾಲ.
ಈಗ ಆ ಓಣಿಗೆ ಬಂದರೆ
ಅವಳೂ ಬೇರೆ ದಾರಿ ಹಿಡಿಯುತ್ತಾಳೆ.
ಒಳ್ಳೆಯವಳೇ.
ಒಳ್ಳೆಯವಳಾದ್ದರಿಂದಲೇ ಇರಬೇಕು.

ಅವತ್ತು ಮೈದಾನದಲ್ಲಿ ಇಡೀ ದಿನ
ಟೇಪಿನ ಸೊನ್ನೆಯ ತುದಿ ಹಿಡಿದು ಕೂತವಳು
ದುರುಗವ್ವ.
ಗೂಟದ ಬುಡದಲ್ಲಿ ಕುಕ್ಕರಗಾಲಲ್ಲಿ
ಹೆಬ್ಬೆರಳು ಒತ್ತಿ,
ನಾವು ಆ ಕಡೆ ಹನ್ನೊಂದು ಫೂಟು, ಹದಿನೆಂಟು ಫೂಟು ಎಂದು
ಕೂಗಿದಂತೆಲ್ಲ ಅಲುಗದೆ.

ಸಂಜೆಗೆ ಹುಡುಗರು ಚೆಂಡು ತಂದರು.
ದೇವರ ಮೂಲೆಯ ಮೇಲೆ ಓಡಿ ರನ್ನು ಗಳಿಸಿದರು.
ಅಡುಗೆಮನೆಯಲ್ಲಿ ಒಂದು ನಾಯಿ ಸುತ್ತು ಹಾಕಿ ಮಲಗಿತು.
ಸುಣ್ಣ ಎಲ್ಲರ ಅಂಗಾಲಿಗೆ ಹತ್ತಿ
ವಸ್ತಿಯ ತುಂಬ ಓಡಾಡಿತು.

ದೀಪ ಹಚ್ಚುವ ಹೊತ್ತಿಗೆ ಚೀಲ ಹಿಡಿದು ಹೊರಟೆ.
ಇಪ್ಪತ್ತೇಳರ ಮುಂದೆ
ನಿಲ್ಲಲೋ ದಾಟಲೋ ಎಂದು
ಕಾಲು ತಡವರಿಸುವಾಗ
ತಗಡು ಸರಿಸಿ ಅವಳೇ ಹೊರಗೆ ಬಂದಳು.
"ನನಗ ಯಾರೂ ಕೇಳಲಿಲ್ಲ ನೋಡು.
ಬಾಗಿಲ ಎತ್ತಾಗರ ಇರ್ಲಿ.
ಚಿಲಕ ಒಳಗಿರ್ಲಿ."

ಇಪ್ಪತ್ತರ ನೋಟು ಕೊಟ್ಟಳು. ನನ್ನಲ್ಲಿ ಚಿಲ್ಲರೆ ಇರಲಿಲ್ಲ.
"ನಾಳಿದೂ ಸೇರಿಸಿ ಬರಕೋ" ಅಂದಳು.